ಸೆನೆಟರ್ ವಿಟ್‌ಕಾಂಬ್ ಅವರ ತಡೆ

ಡೋರೀನ್ ಹ್ಯಾಕೆಟ್ ವಾಷಿಂಗ್ಟನ್ನಿಗೆ ಬಂದದ್ದು ಟೈಪಿಸ್ಟ್ ಆಗಿ. ತಲೆ ನೆರೆಯುವ ಹೊತ್ತಿಗೆ ಸೆನೆಟಿನ ವಿದೇಶಾಂಗ ಸಮಿತಿಯಲ್ಲಿ, ಯಾವ ದೇಶಕ್ಕೆ ಯಾವ ಆಯುಧ ಮಾರುತ್ತಾರೆಂದು ನೋಡುವ ಕೆಲಸ ಅವಳದಾಗಿತ್ತು. ಗಂಡ ಬಿಟ್ಟುಹೋಗಿದ್ದ. ಮಧ್ಯಾಹ್ನ ಕ್ಯಾಂಟೀನಿನ ಬೀನ್ಸ್ ಸೂಪು ಕುಡಿದರೆ ರಾತ್ರಿ ಒಲೆ ಹಚ್ಚುವ ಗೋಜಿಗೂ ಹೋಗುತ್ತಿರಲಿಲ್ಲ.

ಅಲ್ಲೊಂದು ಪದ್ಧತಿಯಿದೆ. ಮಾರಾಟದ ಪ್ರಸ್ತಾಪ ಸದನಕ್ಕೆ ಬರುವ ಮೊದಲು ಸಮಿತಿಯ ಅಧ್ಯಕ್ಷರನ್ನು ಕೇಳುತ್ತಾರೆ. ಅವರು ಬೇಡವೆಂದರೆ ಅಲ್ಲೇ ನಿಲ್ಲುತ್ತದೆ. ಯಾವ ಕಾನೂನಿನಲ್ಲೂ ಇದನ್ನು ಬರೆದಿಲ್ಲ. ಇಷ್ಟು ದೊಡ್ಡ ದೇಶದ ಬಾಂಬುಗಳಿಗೆ ಅಡ್ಡ ನಿಂತದ್ದು ಒಬ್ಬ ಮುದುಕನ ಬಾಯಿಮಾತು, ಅಷ್ಟೇ.

ಸಮಿತಿಯ ಅಧ್ಯಕ್ಷ ಸೆನೆಟರ್ ವಿಟ್‌ಕಾಂಬ್ ಒಬ್ಬ ದೊರೆಗೆ ಹೋಗಬೇಕಿದ್ದ ಬಾಂಬುಗಳನ್ನು ತಡೆದಿದ್ದರು. ಆ ದೊರೆ ನೆರೆನಾಡಿನ ಸಂತೆಗಳ ಮೇಲೆ ಬಾಂಬು ಹಾಕಿಸಿದ್ದ. ಆಮೇಲೆ ವಿಟ್‌ಕಾಂಬರಿಗೆ ಮರೆವು ಹತ್ತಿತು. ವಿದೇಶಾಂಗ ಇಲಾಖೆಯ ಅಧಿಕಾರಿ ಪ್ರೆಂಟಿಸ್ ಫೋನ್ ಮಾಡಿದಾಗಲೆಲ್ಲ ಡೋರೀನ್ ತಾನೇ, "ಸಾಹೇಬ್ರು ಇನ್ನೂ ಒಪ್ಪಿಲ್ಲ" ಎನ್ನುತ್ತಿದ್ದಳು. ಪೂರ್ತಿ ಸುಳ್ಳೇನಲ್ಲ, ಸಾಹೇಬರನ್ನು ಅವಳು ಕೇಳುತ್ತಲೇ ಇರಲಿಲ್ಲ.

ಒಂದು ಔತಣದಲ್ಲಿ ಆ ದೊರೆಯ ರಾಯಭಾರಿ ವಿಟ್‌ಕಾಂಬರ ಕೈ ಹಿಡಿದುಕೊಂಡು ಕೇಳಿಯೇಬಿಟ್ಟ.

"ತಡೆನಾ? ನಾನ್ಯಾಕಪ್ಪ ತಡೀಲಿ? ತಗೊಂಡೋಗಿ," ಎಂದುಬಿಟ್ಟರು ಇವರು.

ಬೆಳಿಗ್ಗೆ ಪ್ರೆಂಟಿಸನ ಫೋನು. "ಏನ್ ಮೇಡಂ, ನಿಮ್ ಮುದುಕಪ್ಪ ಕೊನೆಗೂ ಕರಗಿದ್ರಂತೆ?"

"ಅವ್ರಿಗೆ ನೆನಪಿಲ್ದೆ ಹಂಗಂದಿದಾರೆ. ಆ ಮಾತು ಹಿಡ್ಕೋಬೇಡಿ."

"ನೆನಪಿಲ್ವಾ? ಹಂಗಾದ್ರೆ ಇಷ್ಟ್ ದಿನ ಬೇಡ ಅಂತಿದ್ದೋರು ಯಾರು? ನೀವಾ? ನಿಮಗ್ಯಾರು ವೋಟ್ ಹಾಕಿದ್ರು?"

ಡೋರೀನ್ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಮರೆವಿನ ಕಾಯಿಲೆಯ ನಿಜ ಹೇಳಿದರೆ ವಿಟ್‌ಕಾಂಬರ ಮಾನವೂ ಹೋಗುತ್ತದೆ, ಕುರ್ಚಿಯೂ ಹೋಗುತ್ತದೆ. ಆ ಕುರ್ಚಿಗೆ ಬಾಯಿಬಿಟ್ಟುಕೊಂಡು ಕೂತವರು ಬೇಡವೆನ್ನುವ ಪೈಕಿಯಲ್ಲ. ಹೇಗೂ ಬಾಂಬು ಹೋಗುವುದೇ.

"ಇಲ್ಲ, ಸಾಹೇಬ್ರು ಹೇಳಿದ್ದು ಸರಿ," ಎಂದಳು. ಫೋನಿಟ್ಟ ಮೇಲೆ ತನ್ನ ಮೇಲೇ ಅವಳಿಗೆ ಅಸಹ್ಯವಾಯಿತು.

ಚಳಿಗಾಲದಲ್ಲಿ ಮತ್ತೊಂದು ಸಂತೆಯ ಮೇಲೆ ಬಾಂಬು ಬಿದ್ದ ಸುದ್ದಿ ಬಂತು. ಅಂದು ವಿಟ್‌ಕಾಂಬರ ತಲೆ ತಿಳಿಯಾಗಿತ್ತು. ಅಂಥ ದಿನಗಳೂ ಬರುತ್ತಿದ್ದವು. ಪತ್ರಿಕೆ ಹಿಡಿದು ಅವಳ ಮೇಜಿಗೇ ಬಂದರು.

"ಇದನ್ನ ನಾನು ತಡೆದಿದ್ದೆ ಅಲ್ವಾ ಡೋರೀನ್? ಬಿಟ್ಟಿದ್ಯಾರು?"

ನೀವೇ ಎನ್ನಲು ಅವಳಿಗೆ ನಾಲಿಗೆ ಬರಲಿಲ್ಲ. "ನಾನೇ ಸರ್," ಎಂದಳು.

"ಅಯ್ಯೋ, ನೀನಾ? ನಿನ್ನ ನಂಬ್ಕೊಂಡು ಕೂತಿದ್ನಲ್ಲಮ್ಮಾ," ಎಂದು ಮುದುಕರು ಅಲ್ಲೇ ನಿಂತು ಅತ್ತರು.

ಮಾರನೆಯ ದಿನ ಅದೇ ಪತ್ರಿಕೆ ಹಿಡಿದು ಮತ್ತೆ ಬಂದು, ಬಿಟ್ಟಿದ್ಯಾರು ಎಂದು ಕೇಳಿದರು. ಅವಳು ಮತ್ತೆ ನಾನೇ ಎಂದಳು.