ಚಾರ್ಟಪ್ಪನ ಚುಕ್ಕಿಗಳು

ನಮ್ಮ ಬಸ್ ಡಿಪೋದಲ್ಲಿ ಅವರನ್ನು ಎದುರಿಗೆ ಎಲ್ಲರೂ ‘ಸಾರ್’ ಎನ್ನುತ್ತಿದ್ದರು; ಬೆನ್ನ ಹಿಂದೆ ‘ಚಾರ್ಟಪ್ಪ’. ಆ ಹೆಸರಿಟ್ಟ ಪುಣ್ಯಾತ್ಗಿತ್ತಿ ನಾನೇ. ಇಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ, ಈಗ ಒಪ್ಪಿಕೊಂಡಿದ್ದೇನೆ.

ನಾಳೆ ಯಾವ ಡ್ರೈವರ್ ಯಾವ ಬಸ್ಸು ಹತ್ತಬೇಕು, ಬೆಳಗಿನ ಪಾಳಿಯೋ ಮಧ್ಯಾಹ್ನದ ಪಾಳಿಯೋ, ಯಾರಿಗೆ ರಜೆ, ಇದನ್ನೆಲ್ಲ ಬರೆಯುವ ದೊಡ್ಡ ಹಾಳೆಗೆ ನಾವು ಚಾರ್ಟ್ ಎನ್ನುತ್ತೇವೆ. ಅರವತ್ತೆರಡು ಬಸ್ಸು, ನೂರ ನಲವತ್ತು ಡ್ರೈವರ್‌ಗಳು. ಇಪ್ಪತ್ತಾರು ವರ್ಷ ಆ ಹಾಳೆ ಬರೆದವರು ಅವರೊಬ್ಬರೇ. ಮಧ್ಯಾಹ್ನ ಮೂರಕ್ಕೆ ಪೆನ್ಸಿಲ್ ಹಿಡಿದು ಕೂತರೆ ನಾಲ್ಕೂವರೆಗೆ ಏಳುತ್ತಿದ್ದರು. ಆಮೇಲೆ ನನ್ನ ಸರದಿ. ಅವರ ಪೆನ್ಸಿಲ್ ಅಕ್ಷರದ ಮೇಲೆ ನಾನು ಪೆನ್ನಿನಿಂದ ಬರೆಯಬೇಕು. ಒಂದನೇ ಕ್ಲಾಸಿನ ಮಕ್ಕಳು ಸ್ಲೇಟಿನಲ್ಲಿ ಅಕ್ಷರ ತಿದ್ದುತ್ತಾರಲ್ಲ, ಥೇಟ್ ಹಾಗೆ. ಒಂದೆರಡು ದಿನವಲ್ಲ, ಹನ್ನೊಂದು ವರ್ಷ! ಹಾಳೆಯಲ್ಲಿ ಕೆಲವು ಹೆಸರುಗಳ ಪಕ್ಕ ಸಣ್ಣ ಪೆನ್ಸಿಲ್ ಚುಕ್ಕಿ ಬಿದ್ದಿರುತ್ತಿತ್ತು. ಯೋಚಿಸುವಾಗ ಪೆನ್ಸಿಲ್ ಊರಿದ ಗುರುತಿರಬೇಕೆಂದು ರಬ್ಬರಿನಿಂದ ನೀಟಾಗಿ ಅಳಿಸಿಬಿಡುತ್ತಿದ್ದೆ. ಐದು ಗಂಟೆಗೆ ಚಾರ್ಟ್ ಬೋರ್ಡಿಗೆ ಏರುತ್ತಿತ್ತು.

“ಸಾರ್, ಒಂದು ದಿನ ನಾನೇ ಚಾರ್ಟ್ ಹಾಕ್ತೀನಿ, ನೀವು ನೋಡಿ” ಎಂದರೆ, “ಹಾಕೋವಂತೆ ಕಣಮ್ಮ, ಏನವಸರ?” ಎನ್ನುತ್ತಿದ್ದರು. ಕೆಲಸ ಕೊಡುವುದಿಲ್ಲವೆಂದಲ್ಲ. ಸೀಲು ಒತ್ತು, ಫೋನು ಎತ್ತು, ಹಳೆಯ ಚಾರ್ಟ್ ಜೋಡಿಸು, ಒಂದೇ ಎರಡೇ! ಅಧಿಕಾರಿಗಳು ಎಲ್ಲ ಕೆಲಸ ತಾವೇ ಹಿಡಿದಿಟ್ಟುಕೊಳ್ಳದೆ ಕೈಕೆಳಗಿನವರಿಗೆ ಹಂಚಬೇಕೆಂದು ಮೇಲಿನ ಆಫೀಸಿನಿಂದ ಒಮ್ಮೆ ಸುತ್ತೋಲೆ ಬಂತು. ಸಾರ್ ಅದನ್ನು ಎರಡು ಸಲ ಓದಿ, “ಸರಿಯಾಗೇ ಬರೆದಿದಾರೆ” ಎಂದು, ಫೈಲಿಗೆ ಹಾಕುವ ಕೆಲಸವನ್ನು ನನಗೆ ಹಂಚಿದರು.

ನಮ್ಮದು ಡೀಸೆಲ್ ಪಂಪಿಗೆ ಮುಖಮಾಡಿದ ಸಣ್ಣ ಕೋಣೆ. ಎರಡು ಮೇಜು, ಒಂದು ಕಬ್ಬಿಣದ ಬೀರು, ತಂತಿ ಜಾಲರಿಯ ಕಿಟಕಿ. ಡ್ರೈವರ್‌ಗಳು ಕಿಟಕಿಯಾಚೆ ನಿಂತು ರಜೆ ಕೇಳುತ್ತಿದ್ದರು, ಜಗಳ ಆಡುತ್ತಿದ್ದರು. ಅಪರೂಪಕ್ಕೆ ಯಾರಾದರೂ ದನಿ ತಗ್ಗಿಸಿದರೆ ಸಾಕು, ಸಾರ್ ನನ್ನ ಕಡೆ ತಿರುಗಿ, “ಅಮ್ಮಾ, ಟೀ ಹೇಳಿ ಬಾ” ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಗಂಡಸರ ಗುಟ್ಟು ಕೇಳಿ ನಾನೇನು ಊರಿಗೆಲ್ಲ ಡಂಗುರ ಹೊಡೆಯುತ್ತೇನಾ?

ಇಂಥ ಮನುಷ್ಯನಿಗೆ ಹೃದಯದ ಕವಾಟ ಕೆಟ್ಟಿತು. ಎರಡು ಮೆಟ್ಟಿಲು ಹತ್ತಿದರೆ ಮೂರನೆಯದಕ್ಕೆ ಕೈ ಊರುತ್ತಿದ್ದರು. ಆಪರೇಷನ್‌ಗೆ ಡಾಕ್ಟರು ಮೂರು ಸಲ ದಿನ ಕೊಟ್ಟರೆ ಮೂರು ಸಲವೂ ಮುಂದಕ್ಕೆ ಹಾಕಿಸಿದರು. ಒಮ್ಮೆ ಪರೀಕ್ಷೆಗಳ ಕಾಲ, ಬಸ್ಸು ಜಾಸ್ತಿ ಬಿಡಬೇಕು ಎಂದರು. ಒಮ್ಮೆ ಹೊಸ ರೂಟು. ಮೂರನೆಯ ಸಲ ಏನು ನೆಪ ಹೇಳಿದರೋ ದೇವರಿಗೇ ಗೊತ್ತು.

ಒಂದು ಮಧ್ಯಾಹ್ನ ಅವರ ಹೆಂಡತಿ ಡಿಪೋಗೆ ಬಂದರು. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಸಾರ್ ಊಟಕ್ಕೆ ಹೋದ ಹೊತ್ತು ನೋಡಿಕೊಂಡೇ ಬಂದಿದ್ದರು. ಕೂರಲಿಲ್ಲ. “ನಾಲ್ಕನೇ ಸಲ ದಿನ ಕೊಟ್ಟಿದಾರೆ, ಇನ್ನು ಎರಡೇ ವಾರ. ಇದೂ ತಪ್ಪಿದ್ರೆ ಆಮೇಲೆ ಆಪರೇಷನ್ ಮಾಡಿದ್ರೂ ಉಪಯೋಗ ಇಲ್ವಂತೆ. ನಿನ್ನ ಕೈಲಿ ಆಗುತ್ತಾ ಹೇಳು.”

“ಆಗುತ್ತೆ ಅಕ್ಕ. ಅವರು ಬಿಟ್ಟುಕೊಡ್ಬೇಕಲ್ಲ.”

ಅಕ್ಕ ಮನೆಯಲ್ಲಿ ಅದೇನು ಹೇಳಿದರೋ, ಮರುದಿನ ಸಾರ್ ಮುಖ ಗಂಟು ಹಾಕಿಕೊಂಡೇ ಬಂದರು. “ಒಂದು ವಾರ ಮನೇಲಿರ್ತೀನಿ. ನೀನೇ ಹಾಕು. ಏನೂ ಎಡವಟ್ಟಾಗದಿದ್ರೆ ಆಸ್ಪತ್ರೆಗೆ ಹೋಗ್ತೀನಿ. ಎಡವಟ್ಟಾಯ್ತೋ, ಆಮೇಲೆ ಯಾರೂ ಆಪರೇಷನ್ ಮಾತೇ ಎತ್ತಬಾರದು.” ಮೇಜಿನ ಮೇಲೆ ಡ್ರೈವರ್‌ಗಳ ಪಟ್ಟಿ ಇಟ್ಟು, “ನೋಡ್ಕೊಂಡು ಹಾಕಮ್ಮ” ಎಂದು ಹೊರಟರು. ಹನ್ನೊಂದು ವರ್ಷಕ್ಕೆ ಅಷ್ಟೇ ಪಾಠ.

ಪಟ್ಟಿ ತೆರೆದರೆ ಅದೇ ಚುಕ್ಕಿಗಳು, ಒಂಬತ್ತೋ ಹತ್ತೋ ಹೆಸರುಗಳ ಪಕ್ಕ. ಹೊಸ ಕೆಲಸ, ಶುಭ್ರವಾಗಿರಲಿ ಎಂದು ರಬ್ಬರ್ ತಗೊಂಡು ಎಲ್ಲವನ್ನೂ ಅಳಿಸಿದೆ.

ಮೂರು ದಿನ ಸುಸೂತ್ರವಾಗಿ ನಡೆಯಿತು. ಯಾರಿಗೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಸದಾ ಮಧ್ಯಾಹ್ನದ ಪಾಳಿಯಲ್ಲೇ ಇರುತ್ತಿದ್ದ ಕೆಲವರನ್ನು ಬೆಳಗಿನ ಪಾಳಿಗೆ ತಂದೆ, ನ್ಯಾಯ ನ್ಯಾಯವೇ ಎಂದುಕೊಂಡು. ಹಾಗೆ ತಂದವರಲ್ಲಿ ನಾವು ಮೀಸೆ ಎಂದು ಕರೆಯುವ ಹಿರಿಯ ಡ್ರೈವರ್ ಒಬ್ಬರು. ಚಾರ್ಟ್ ನೋಡಿದರು, ಒಂದು ಗಳಿಗೆ ನಿಂತರು, ಮಾತಿಲ್ಲದೆ ಹೋದರು. ನನಗೆ ಒಳಗೊಳಗೇ ಹೆಮ್ಮೆ. ನೋಡಿದಿರಾ, ಮೀಸೆ ಕೂಡ ತುಟಿ ಪಿಟಕ್ಕೆನ್ನಲಿಲ್ಲ!

ನಾಲ್ಕನೆಯ ದಿನ ಮೀಸೆ ಪಾಳಿ ಮುಗಿಸಿ ಇಳಿಯುವಾಗ ಆಸ್ಪತ್ರೆಯಿಂದ ಫೋನು. ಅವರ ಹೆಂಡತಿಗೆ ವಾರಕ್ಕೆ ಎರಡು ಬೆಳಿಗ್ಗೆ ಡಯಾಲಿಸಿಸ್. ಇಷ್ಟು ದಿನ ಗಂಡನೇ ಕರೆದುಕೊಂಡು ಹೋಗಿ, ಕರೆದುಕೊಂಡು ಬಂದು, ಆಮೇಲೆ ಡ್ಯೂಟಿಗೆ ಬರುತ್ತಿದ್ದರಂತೆ. ಅವತ್ತು ಆಕೆ ಒಬ್ಬರೇ ಹೋಗಿದ್ದರು. ಮುಗಿಸಿ ಹೊರಬರುವಾಗ ತಲೆ ತಿರುಗಿ ಮೆಟ್ಟಿಲ ಮೇಲೆ ಬಿದ್ದು ಮಣಿಕಟ್ಟು ಮುರಿದಿತ್ತು.

ಗೇಟಿನ ಹತ್ತಿರ ಓಡಿ ಮೀಸೆಯನ್ನು ಹಿಡಿದೆ. “ಒಂದು ಮಾತು ಹೇಳ್ಬಾರ್ದಿತ್ತಾ ಅಣ್ಣ?”

“ಹೇಳೋದೇನಿತ್ತು ಮೇಡಂ? ಚುಕ್ಕಿ ಇತ್ತಲ್ಲ. ಸಾರ್ ನನ್ನ ಎದುರಿಗೇ ಹೆಸರಿನ ಪಕ್ಕ ಚುಕ್ಕಿ ಇಟ್ಟು, ಇನ್ನು ನಿಶ್ಚಿಂತೆಯಾಗಿರು ಅಂದಿದ್ರು. ಚುಕ್ಕಿ ಇದ್ದೂ ಹಾಕಿದಾರೆ ಅಂದ್ರೆ ಬೇರೆ ಯಾರೂ ಸಿಕ್ಕಿಲ್ಲ ಅಂದ್ಕೊಂಡೆ.” ಅಷ್ಟು ಹೇಳಿ ಅವರು ಆಟೋ ಹತ್ತಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಲ್ಲಿಂದ ನೇರ ಸಾರ್ ಮನೆಗೆ ಹೋದೆ. ಸಿಟ್ಟು ನೆತ್ತಿಗೇರಿತ್ತು. ಯಾರ ಮೇಲೆ ಎಂದು ಕೇಳಿದರೆ ಆಗ ಹೇಳಲು ಬರುತ್ತಿರಲಿಲ್ಲ. ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಈ ಮಹಾರಾಯರು ಏನು ಮಾಡುತ್ತಿದ್ದರು ಹೇಳಿ? ಪೆನ್ಸಿಲ್ ಹಿಡಿದು ನಾಳೆಯ ಚಾರ್ಟ್ ಬರೆಯುತ್ತಿದ್ದರು! ಮನೆಯಲ್ಲೇ ದಿನಾ ಒಂದೊಂದು ಬರೆದು ಇಟ್ಟುಕೊಂಡಿದ್ದರು, ನನ್ನದಕ್ಕೆ ತಾಳೆ ನೋಡಲು.

ನಡೆದದ್ದನ್ನು ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು. “ಚುಕ್ಕಿ ಇದ್ದವರನ್ನ ಕೇಳದೆ ಪಾಳಿ ಬದಲಾಯಿಸ್ಬಾರ್ದಲ್ವೇನಮ್ಮ?”

“ಚುಕ್ಕಿ ಅಂದ್ರೆ ಏನು ಅಂತ ಹನ್ನೊಂದು ವರ್ಷದಲ್ಲಿ ಒಂದೇ ಒಂದು ಸಲ ಹೇಳಿದ್ರಾ ಸಾರ್ ನೀವು?”

“ನಿಂಗೆ ಗೊತ್ತಿಲ್ವಾ?” ನಿಜಕ್ಕೂ ಗಾಬರಿಯಾದರು. “ದಿನಾ ಅಷ್ಟು ಜೋಪಾನವಾಗಿ ಅಳಿಸ್ತಿದ್ದೆಯಲ್ಲ! ಬೋರ್ಡಿಗೆ ಹೋಗೋ ಮೊದಲು ಬೇರೆ ಯಾರ ಕಣ್ಣಿಗೂ ಬೀಳಬಾರದು ಅಂತ ಅಳಿಸ್ತೀಯ ಅಂದ್ಕೊಂಡಿದ್ದೆ. ಎಷ್ಟು ಸೂಕ್ಷ್ಮದ ಹುಡುಗಿ ಅಂತ ಇವಳ ಹತ್ರ ಎಷ್ಟು ಸಲ ಹೇಳಿದೀನಿ, ಕೇಳು.”

ಬಾಗಿಲಲ್ಲಿ ನಿಂತಿದ್ದ ಅಕ್ಕ ಹೌದೆಂದು ತಲೆಯಾಡಿಸಿದರು. ನನಗೆ ಅಳಬೇಕೋ ನಗಬೇಕೋ ತಿಳಿಯದೆ ಅಲ್ಲೇ ಕುರ್ಚಿಯಲ್ಲಿ ಕುಸಿದೆ. ಕೊಳೆ ಎಂದು ನಾನು ಒರೆಸಿ ಎಸೆದದ್ದನ್ನು ಈ ಮನುಷ್ಯ ನನ್ನ ದೊಡ್ಡ ಗುಣವೆಂದು ಮನೆಯಲ್ಲಿ ಹೊಗಳುತ್ತಿದ್ದರು.

“ಇದಕ್ಕೇ ನಾನು ಯಾರ ಕೈಗೂ ಕೊಡಲ್ಲ ಅಂತಿದ್ದದ್ದು” ಎಂದು ಸಾರ್ ಎದ್ದರು. “ನಾಳೆಯಿಂದ ನಾನೇ ಬರ್ತೀನಿ. ಆಸ್ಪತ್ರೆ ಮಾತು ಸಾಕು.”

ಅಕ್ಕನ ಮುಖ ನೋಡಿದೆ. ಅವರು ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ನನ್ನ ಬಾಯಿ ತಡೆಯಲಿಲ್ಲ. “ಕೊಟ್ರಿ ಎಲ್ಲಿ ಸಾರ್? ಕೈ ಬೇಕಿತ್ತು ನಿಮಗೆ, ನನ್ನ ಕೈ ತಗೊಂಡ್ರಿ. ತಿಳ್ಕೊಂಡು ಮಾಡೋಕೆ ಏನು ಬೇಕೋ ಅದನ್ನ ತಲೇಲಿ ಬೀಗ ಹಾಕಿ ಇಟ್ಕೊಂಡ್ರಿ. ನಾಳೆ ನಿಮಗೆ ಏನಾದ್ರೂ ಆದ್ರೆ ಆ ಹತ್ತು ಜನದ ಗತಿ ಏನು?”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಹೆಂಡತಿಯ ಎದುರಿಗೆ ಆಡುವ ಮಾತೇ ಅದು?

ಸಾರ್ ಪೆನ್ಸಿಲ್ ಕೆಳಗಿಟ್ಟು ಮತ್ತೆ ಕೂತರು. ಆಮೇಲೆ, “ಹೇಳೋಕೆ ನನಗೆ ಹಕ್ಕಿಲ್ಲ ಕಣಮ್ಮ. ಅವರು ನನ್ನ ನಂಬಿ ಹೇಳಿದ್ದು. ಅದನ್ನ ನಿನ್ನ ಕೈಗೆ ಹೇಗೆ ಕೊಡಲಿ?” ಎಂದರು. ಅದು ಮಾತ್ರ ನಿಜವಾಗಿತ್ತು. ನನ್ನ ಸಿಟ್ಟು ಅಲ್ಲಿಗೇ ಇಳಿಯಿತು.

“ನೀವು ಹೇಳ್ಬೇಡಿ. ನನಗೆ ಹೇಳಿ ಅಂತ ಅವರಿಗೆ ಹೇಳಿ.”

ಮರುದಿನ ಇಬ್ಬರೂ ಮೀಸೆಯ ಮನೆಗೆ ಹೋದೆವು. ಒಂದು ಮಹಡಿ ಹತ್ತಲು ಸಾರ್ ನಾಲ್ಕು ಸಲ ನಿಂತರು. ಕೈಗೆ ಪಟ್ಟಿ ಕಟ್ಟಿಕೊಂಡು ಮಂಚದ ಮೇಲೆ ಕೂತಿದ್ದ ಆಕೆಯ ಎದುರು ನಿಂತು, “ತಪ್ಪು ನಂದು ತಾಯಿ, ಇವಳದಲ್ಲ. ಹೇಳಿಕೊಡಬೇಕಾದ್ದನ್ನ ಹೇಳಿಕೊಡಲಿಲ್ಲ” ಎಂದರು. ಆಕೆ ಸಾರ್ ಮುಖವನ್ನೇ ನೋಡುತ್ತಿದ್ದರು. “ಅದಿರಲಿ, ಮೊದಲು ಕೂತ್ಕೊಳ್ಳಿ. ನನಗಿಂತ ನಿಮ್ಮ ಬಣ್ಣ ಕೆಟ್ಟಿದೆ” ಎಂದು ತನ್ನ ದಿಂಬನ್ನೇ ಅವರ ಬೆನ್ನಿಗೆ ಕೊಟ್ಟರು. ಈ ಮನೆಯ ಸಂಗತಿ ಬರೆಯಲು ಗಂಡ ಹೆಂಡತಿ ಇಬ್ಬರನ್ನೂ ಕೇಳಿದ್ದೇನೆ. ಧಾರಾಳವಾಗಿ ಬರೆ ಎಂದಿದ್ದಾರೆ.

ಆಮೇಲೆ ಮೂರು ದಿನ ಸಾರ್ ಡಿಪೋಗೆ ಬಂದರು, ಪೆನ್ಸಿಲ್ ಮುಟ್ಟಲಿಲ್ಲ. ಅವರು ಹೇಳಿ ಕಳಿಸಿದ ಚುಕ್ಕಿಯ ಡ್ರೈವರ್‌ಗಳು ಒಬ್ಬೊಬ್ಬರಾಗಿ ಕಿಟಕಿಗೆ ಬಂದರು. “ಇನ್ಮೇಲೆ ಇವಳಿಗೆ ಹೇಳಪ್ಪ. ಇಷ್ಟ ಇದ್ರೆ ಮಾತ್ರ” ಎಂದು ಸಾರ್ ಎದ್ದು, ತಾವೇ ಟೀ ತರಲು ಹೋಗುತ್ತಿದ್ದರು. ಒಬ್ಬರು ಹೇಳಲಿಲ್ಲ, ಹೊರಟುಹೋದರು. ಉಳಿದವರು ಹೇಳಿದರು. ಏನು ಹೇಳಿದರೆಂದು ಬರೆಯುವುದಿಲ್ಲ. ಒಂದು ದಿನವಂತೂ ಬೀರುವಿನ ಹಿಂದೆ ನಿಂತು ಅತ್ತುಬಿಟ್ಟೆ. ಇದನ್ನೆಲ್ಲ ಎದೆಯಲ್ಲಿಟ್ಟುಕೊಂಡು ಈ ಮನುಷ್ಯ ಇಪ್ಪತ್ತಾರು ವರ್ಷ ನಗುನಗುತ್ತಾ ಹಾಳೆ ಬರೆದಿದ್ದರಲ್ಲ! ಚಾರ್ಟಪ್ಪ ಎಂದು ಹೆಸರಿಟ್ಟ ನನ್ನ ಬಾಯಿಗೆ ಬೆಂಕಿ ಹಾಕಬೇಕು.

ಮೂರನೆಯ ಸಂಜೆ ಚಾರ್ಟ್ ಏರಿಸಿ ಬಂದು ಕೂತಿದ್ದೆ. ಯಾರೋ ಜಾಲರಿ ತಟ್ಟಿದರು. ನೋಡಿದರೆ ಸಾರ್, ಡ್ರೈವರ್‌ಗಳು ನಿಲ್ಲುವ ಜಾಗದಲ್ಲಿ.

“ಒಳಗೆ ಬನ್ನಿ ಸಾರ್.”

“ಬೇಡ, ಇಲ್ಲೇ ಸರಿ. ನಂದೂ ಒಂದಿದೆ ಕಣಮ್ಮ.” ದನಿ ತಗ್ಗಿತ್ತು. “ಪರೀಕ್ಷೆ ಬಸ್ಸು ಅಂದೆ, ಹೊಸ ರೂಟು ಅಂದೆ. ಎಲ್ಲಾ ಸುಳ್ಳು. ನಿನ್ನ ಕೈಲಿ ಆಗಲ್ಲ ಅಂತಾನೂ ಅಲ್ಲ. ನಿನ್ನ ಕೈಲಿ ಆಗುತ್ತೆ ಅಂದ್ರೆ ನಾನು ಹೋಗಿ ಆ ಆಪರೇಷನ್ ಟೇಬಲ್ ಮೇಲೆ ಮಲಗಬೇಕಲ್ಲ. ನನಗೆ ಭಯ ಆಗುತ್ತಮ್ಮ. ತುಂಬಾ ಭಯ. ಮನೇಲಿ ಹೇಳಿಲ್ಲ, ನೀನೂ ಹೇಳ್ಬೇಡ.”

ಈಗ ಅವರೇ ಇದನ್ನು ಎಲ್ಲರ ಮುಂದೆ ಹೇಳಿಕೊಂಡು ನಗುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ. ಅವತ್ತು ನಗು ಎಲ್ಲಿಂದ ಬರಬೇಕು? ಹೊರಗೆ ಹೋಗಿ ಪಕ್ಕದಲ್ಲಿ ನಿಂತೆ. ಭಯಪಡಬೇಡಿ ಎಂದು ಹೇಳಲು ಮನಸ್ಸು ಬರಲಿಲ್ಲ. “ಒಳಗೆ ಕರ್ಕೊಂಡು ಹೋಗೋವರೆಗೂ ನಾನು ನಿಮ್ಮ ಜೊತೆಗೇ ಇರ್ತೀನಿ ಸಾರ್” ಎಂದೆ.

“ಅವತ್ತಿನ ಚಾರ್ಟು?”

ಬೇಗ ಮುಗಿಸಿ ಓಡಿ ಬರ್ತೀನಿ ಎನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. “ಪಕ್ಕದ ಟಿಕೆಟ್ ರೂಮಿನ ಮೇಡಂ ಹಾಕ್ತಾರೆ” ಎಂದೆ. ಪಾಪ, ಆಕೆಗೆ ಈ ಸುದ್ದಿ ಇನ್ನೂ ಗೊತ್ತಿರಲಿಲ್ಲ. ನಾಲ್ಕು ದಿನ ಕೂರಿಸಿಕೊಂಡು ಹೇಳಿಕೊಟ್ಟೆ. ಯಾರನ್ನು ಎಲ್ಲಿ ಹಾಕಬೇಕು ಎನ್ನುವುದಕ್ಕಿಂತ ಯಾಕೆ ಎನ್ನುವುದನ್ನೇ ಹೆಚ್ಚು ಹೇಳಿದೆ. ಯಾರ ಮನೆಯ ಮಾತು ಬರುತ್ತಿತ್ತೋ ಅವರನ್ನು ಮೊದಲೇ ಕೇಳಿಕೊಂಡಿದ್ದೆ. “ತಪ್ಪಾದ್ರೆ ಏನ್ ಮಾಡಲಿ?” ಎಂದು ಆಕೆ ಕೇಳಿದರು. “ನನ್ನ ಹೆಸರು ಹೇಳಿ” ಎಂದೆ. ಹೇಳಿದ್ದೇನೋ ಹೌದು, ಆಕೆ ಬರೆದ ಹಾಳೆಯನ್ನು ಮತ್ತೆ ಮೂರು ಸಲ ನೋಡಿದೆ. ಸಾರ್ ಕಷ್ಟ ಏನೆಂದು ಆಗ ಸ್ವಲ್ಪ ತಿಳಿಯಿತು.

ಆಪರೇಷನ್ ದಿನ ಬೆಳಿಗ್ಗೆ ತಳ್ಳುಮಂಚದ ಒಂದು ಪಕ್ಕ ಅಕ್ಕ, ಇನ್ನೊಂದು ಪಕ್ಕ ನಾನು. ಆ ಬಾಗಿಲು ಬಂದರೂ ಸಾರ್ ನಮ್ಮಿಬ್ಬರ ಕೈಯನ್ನೂ ಬಿಡಲಿಲ್ಲ. “ಬಿಡಿ ಯಜಮಾನ್ರೇ, ಇನ್ನು ನಾವು ನೋಡ್ಕೋತೀವಿ” ಎಂದಳು ನರ್ಸ್. ಅವರು ಅಕ್ಕನನ್ನು ನೋಡಿದರು, ನನ್ನನ್ನು ನೋಡಿದರು, ಕೈ ಬಿಟ್ಟರು.

ಬಾಗಿಲು ಮುಚ್ಚಿದ ಮೇಲೆ ಅಕ್ಕ ಮೆಲ್ಲಗೆ ಕೇಳಿದರು, “ಭಯ ಅಂತ ನಿನ್ನ ಹತ್ರ ಏನಾದ್ರೂ ಹೇಳಿದ್ರಾ?”

ಮನೆಯಲ್ಲಿ ಹೇಳಬೇಡ ಎಂದಿದ್ದರಲ್ಲ. “ಚಾರ್ಟ್ ವಿಷಯ ಮಾತಾಡಿದ್ವಿ ಅಕ್ಕ, ಅಷ್ಟೇ” ಎಂದೆ, ಅವರ ಮುಖ ನೋಡದೆ.

ಅಕ್ಕ ನನ್ನ ಕೈ ತಗೊಂಡು ತಮ್ಮ ಮಡಿಲಲ್ಲಿ ಇಟ್ಟುಕೊಂಡರು. “ಮೂವತ್ತು ವರ್ಷದಿಂದ ಕಾಯ್ತಿದ್ದೆ, ಯಾರ ಹತ್ರಾನಾದ್ರೂ ಹೇಳ್ಕೊಳ್ಳಲಿ ಅಂತ” ಎಂದರು. ಡಾಕ್ಟರು ಹೊರಗೆ ಬಂದು ಎಲ್ಲ ಚೆನ್ನಾಗಾಯಿತು ಎನ್ನುವವರೆಗೆ ನಾವಿಬ್ಬರೂ ಹಾಗೇ ಕೂತಿದ್ದೆವು.