ಹಳೆಯ ಹೆಂಚಿನ ಪಕ್ಷ, ಹೊಸ ಹೆಂಚಿನ ಪಕ್ಷ

ಕತ್ತೆತ್ತಿ ಛಾವಣಿಯನ್ನು ನೋಡುವವನು, ಎಂಥ ಪೆದ್ದನಾಗಿದ್ದರೂ, ಆ ಗಳಿಗೆಯಲ್ಲಿ ಮಹಾ ತತ್ತ್ವಜ್ಞಾನಿಯಂತೆ ಕಾಣುತ್ತಾನೆ. ಕಣ್ಣು ಅರೆಮುಚ್ಚಿರುತ್ತದೆ, ಗಲ್ಲ ಮೇಲೇರಿರುತ್ತದೆ, ಬಾಯಿ ತಾನಾಗಿ ಕೊಂಚ ತೆರೆದಿರುತ್ತದೆ. ಅವನು ಜೀವ ಬ್ರಹ್ಮರ ಐಕ್ಯವನ್ನು ಚಿಂತಿಸುತ್ತಿದ್ದಾನೋ, ಜೇಡರ ಬಲೆಯನ್ನು ನೋಡುತ್ತಿದ್ದಾನೋ ಹೇಳುವುದು ಕಷ್ಟ. ಈ ಸೂಕ್ಷ್ಮವನ್ನು ನಾನು ಕಂಡುಕೊಂಡದ್ದು ಮದರಾಸಿನ ವೆಸ್ಟ್ ಮಾಂಬಲಂನ ನಮ್ಮ ಕನ್ನಡ ಕೂಟದ ಹಜಾರದಲ್ಲಿ. ಐವತ್ತರ ದಶಕ ಮುಗಿಯುತ್ತ ಬಂದಿದ್ದ ಆ ಒಂದು ವರ್ಷವಿಡೀ ನಮ್ಮ ಕಾರ್ಯಕಾರಿ ಸಮಿತಿಯ ಸದಸ್ಯರೆಲ್ಲ ಸಾಮೂಹಿಕವಾಗಿ ಕತ್ತೆತ್ತಿ ತತ್ತ್ವಜ್ಞಾನಿಗಳಾಗಿದ್ದರು. ಕಾರ್ಯದರ್ಶಿಯಾದ ನನ್ನ ಕತ್ತು ಎಲ್ಲರಿಗಿಂತ ಹೆಚ್ಚು ನೋಯುತ್ತಿತ್ತು, ಅದೊಂದೇ ನನಗೆ ದಕ್ಕಿದ ವಿಶೇಷ ಗೌರವ.

ವಿಷಯ ಇಷ್ಟೇ. ಹಜಾರದ ನಾಡಹೆಂಚಿನ ಛಾವಣಿ ಸೋರುತ್ತಿತ್ತು. ಮಂಗಳೂರು ಹೆಂಚು ಹಾಕಿಸುವುದೆಂದು ಎಲ್ಲರೂ ಒಪ್ಪಿದ್ದರು. ಆದರೆ ಹಳೆಯ ಹೆಂಚನ್ನು ತೆಗೆದು ಹೊಸದನ್ನು ಹಾಕಬೇಕೋ, ಹಳೆಯದರ ಮೇಲೆಯೇ ಪಟ್ಟಿ ಹೊಡೆದು ಹೊದಿಸಬೇಕೋ? ಈ ಒಂದು ಪ್ರಶ್ನೆ ಕೂಟವನ್ನು ಎರಡಾಗಿ ಸೀಳಿತು. ಹೊದಿಸುವ ಪಕ್ಷದ ನಾಯಕರು ಅಧ್ಯಕ್ಷರಾದ ಶ್ರೀನಿವಾಸಾಚಾರ್ಯರು. ಮೂರು ತಲೆಮಾರಿನಿಂದ ಮದರಾಸಿನಲ್ಲೇ ನೆಲೆಸಿ, ಸರ್ಕಾರಿ ಕಚೇರಿಯಲ್ಲಿ ದೊಡ್ಡ ಹುದ್ದೆಯಿಂದ ನಿವೃತ್ತರಾದವರು. “ಪಳೇ ಓಡು ಅದು ಪಾಟುಕ್ಕೆ ಇರಲಿ ಸ್ವಾಮಿ, ಮೇಲೆ ಹೊಸ ಓಡು ಹಾಕಿದರೆ ಡಬಲ್ ಸೇಫ್ಟಿ,” ಎಂದು ತಮಿಳು ಬೆರೆಸಿ, ಹಳೆಯ ಹೆಂಚು ತನ್ನ ಪಾಡಿಗೆ ತಾನಿರಲಿ ಎನ್ನುವುದು ಅವರ ಸಿದ್ಧಾಂತ. ತೆಗೆಯುವ ಪಕ್ಷದ ಧುರೀಣರು ಧಾರವಾಡದ ಕಡೆಯಿಂದ ಬಂದು ಜವಳಿ ಅಂಗಡಿ ಇಟ್ಟಿದ್ದ ಬಸಲಿಂಗಪ್ಪನವರು. “ಹಳೇದು ತಗೀಲಾರ್ದ ಹೊಸಾದು ಹಾಕೂದಂದ್ರ, ಹೊಲಸು ಅಂಗಿ ಮ್ಯಾಲ ಇಸ್ತ್ರಿ ಕೋಟು ತೊಟ್ಟಂಗ ಆತ್ರೀ,” ಎಂದು ಅವರು ಮೇಜು ಗುದ್ದುತ್ತಿದ್ದರು. ಗುದ್ದಿದ ರಭಸಕ್ಕೆ ಮೇಲಿಂದ ಒಂದಿಷ್ಟು ಮಣ್ಣು ಉದುರಿ ಅವರ ವಾದವನ್ನೇ ಸಮರ್ಥಿಸುತ್ತಿತ್ತು.

ತಜ್ಞಾಭಿಪ್ರಾಯಕ್ಕಾಗಿ ಒಬ್ಬ ಮೇಸ್ತ್ರಿಯನ್ನು ಕರೆಸಿದೆವು. ಆತ ಏಣಿ ಹತ್ತಿ, ತಾಳೆಮರದ ತೊಲೆಗಳನ್ನು ತಟ್ಟಿ, ಇಳಿದು, ಎಲೆಯಡಿಕೆ ಹಾಕಿಕೊಂಡು, ಆಚಾರ್ಯರ ಪಕ್ಕದಲ್ಲಿ ನಿಂತಾಗ ಹೊದಿಸಬಹುದೆಂದೂ ಬಸಲಿಂಗಪ್ಪನವರ ಪಕ್ಕದಲ್ಲಿ ನಿಂತಾಗ ತೆಗೆಯಲೇಬೇಕೆಂದೂ ಅಪ್ಪಣೆ ಕೊಡಿಸಿದ. ಇಬ್ಬರೂ ಎದುರಿಗಿದ್ದಾಗ “ಎಡುಕ್ಕಲಾಂ, ಎಡುಕ್ಕಾಮಲುಂ ಇರುಕ್ಕಲಾಂ,” ಎಂದ. ತೆಗೆಯಲೂಬಹುದು, ತೆಗೆಯದೆಯೂ ಇರಬಹುದು. ಇಂಥ ಸಮದರ್ಶಿ ನಮ್ಮ ಸಮಿತಿಯಲ್ಲಿರದೆ ಏಣಿಯ ಮೇಲಿದ್ದಾನಲ್ಲ ಎಂದು ನನಗೆ ವ್ಯಥೆಯಾಯಿತು.

ನಿಜ ಹೇಳಬೇಕೆಂದರೆ, ಓದುಗ ಮಹಾಶಯರೇ, ಹಳೆಯದರ ಮೇಲೆ ಹೊಸದನ್ನು ಹೊದಿಸುವುದು ನಮ್ಮ ಕೂಟದ ಸನಾತನ ಧರ್ಮವಾಗಿತ್ತು. ಅಲ್ಲಿ ಯಾರನ್ನೂ ಯಾವ ಸ್ಥಾನದಿಂದಲೂ ತೆಗೆದ ದಾಖಲೆಯಿಲ್ಲ. ಅಧ್ಯಕ್ಷರ ಅವಧಿ ಮುಗಿದರೆ ಅವರು ಗೌರವಾಧ್ಯಕ್ಷರಾಗುತ್ತಿದ್ದರು. ಇನ್ನೊಬ್ಬ ಗೌರವಾಧ್ಯಕ್ಷರು ಬಂದರೆ ಪೋಷಕರು, ಅನಂತರ ಮಹಾಪೋಷಕರು, ಕಟ್ಟಕಡೆಗೆ ಗಂಧದ ಹಾರ ತೊಟ್ಟ ಭಾವಚಿತ್ರ. ವೇದಿಕೆಯ ಮೇಲೆ ಪದಾಧಿಕಾರಿಗಳು ಹಿಡಿಸದೆ ಕೆಲವು ಸಲ ಸಭಿಕರ ಕುರ್ಚಿಗಳನ್ನೂ ವೇದಿಕೆಗೇ ಸಾಗಿಸಬೇಕಾಗುತ್ತಿತ್ತು. ಹೇಗೂ ಅವು ಖಾಲಿಯಿರುತ್ತಿದ್ದವು, ಯಾರಿಗೂ ತೊಂದರೆಯಾಗುತ್ತಿರಲಿಲ್ಲ.

ಇಷ್ಟರ ನಡುವೆ ಆ ಛಾವಣಿಯ ಕೆಳಗೆ ನಿಜವಾಗಿ ಕನ್ನಡದ ಕೆಲಸ ಮಾಡುತ್ತಿದ್ದವರು ಒಬ್ಬರೇ, ಶಾರದಮ್ಮ. ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದರು. ಮಾಂಬಲಂನಿಂದ ತಾಂಬರಂವರೆಗಿನ ನಮ್ಮ ಮನೆಗಳ ಮಕ್ಕಳೆಲ್ಲ ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರಿಸುವ ಜಾತಿಯವು. ಆಚಾರ್ಯರ ಮೊಮ್ಮಗಳು ಪದ್ಮಾ ಅವರಲ್ಲಿ ಅಗ್ರಗಣ್ಯಳು. ತಾತ “ಊಟ ಆಯ್ತೇನಮ್ಮಾ?” ಎಂದರೆ ಅವಳು “ಆಚ್ಚು ತಾತಾ,” ಎನ್ನುವಳು. ಕೂಟದ ಅಧ್ಯಕ್ಷರಿಗೆ ಅದೊಂದು ಒಳನೋವು. ಊರಿಗೆಲ್ಲ ಕನ್ನಡದ ಮೇಲೆ ಭಾಷಣ ಮಾಡಿ ಬಂದು ಮನೆಯಲ್ಲಿ ಆ ‘ಆಚ್ಚು’ ಕೇಳಿದಾಗಲೆಲ್ಲ ಅವರ ಮುಖ ಚಿಕ್ಕದಾಗುತ್ತಿತ್ತು.

ಚರ್ಚೆ ಪಕ್ವವಾಗುವ ಮೊದಲೇ ದೀಪಾವಳಿಯ ಮಳೆ ಬಂತು. ಗೋಡೆಯ ಮೇಲೆ ನೀರಿಳಿದು ಮಾಜಿ ಅಧ್ಯಕ್ಷರುಗಳ ಮೀಸೆ ಕರಗುವ ಲಕ್ಷಣ ಕಂಡಿತು. ತುರ್ತು ಸಭೆ ಸೇರಿ, ಭಾವಚಿತ್ರಗಳನ್ನು ಇಳಿಸಿ ಹಜಾರದ ಒಣಗಿದ ಮೂಲೆಗೆ ಸಾಗಿಸಬೇಕೆಂದು ಸರ್ವಾನುಮತದಿಂದ ತೀರ್ಮಾನಿಸಿದೆವು. ಆ ಮೂಲೆಯಲ್ಲಿದ್ದದ್ದು ಮಕ್ಕಳ ಬೆಂಚುಗಳು. ಅವುಗಳ ಮೇಲೆ ಮಹನೀಯರೆಲ್ಲ ಸಾಲಾಗಿ ಆಸೀನರಾದರು. ಮಕ್ಕಳು ಸೋರುವ ಕಡೆ ನೆಲದ ಮೇಲೆ ಕುಳಿತವು. ಎರಡು ಭಾನುವಾರ ಸಹಿಸಿ, ಮೂರನೆಯದಕ್ಕೆ ಶಾರದಮ್ಮ ಮಕ್ಕಳನ್ನು ಕರೆದುಕೊಂಡು ತಮ್ಮ ಬಾಡಿಗೆ ಮನೆಯ ಬಯಲು ತಾರಸಿಗೆ ಹೊರಟುಹೋದರು. ಮಳೆ ಬಂದರೆ ಮೆಟ್ಟಿಲ ಸಂದಿಯಲ್ಲಿ ಪಾಠ ನಡೆಯುತ್ತಿತ್ತು. ನಾವು ಮಾತ್ರ ಛತ್ರಿ ಹಿಡಿದುಕೊಂಡು ಛಾವಣಿಯ ಚರ್ಚೆ ಮುಂದುವರಿಸಿದೆವು.

ಕೊನೆಗೆ ಸಂಕ್ರಾಂತಿಯ ಹೊತ್ತಿಗೆ ರಾಜಿಯಾಯಿತು. ಬೀದಿಗೆ ಕಾಣುವ ಮುಂದಿನ ಸಾಲಿನ ಹಳೆಯ ಹೆಂಚನ್ನು ತೆಗೆಯುವುದು, ಉಳಿದ ಕಡೆ ಅದರ ಮೇಲೆಯೇ ಹೊದಿಸುವುದು. ಎರಡೂ ಪಕ್ಷಗಳು ತಾವೇ ಗೆದ್ದೆವೆಂದು ಕಾಫಿ ಕುಡಿದವು. ಆಶ್ಚರ್ಯವೆಂದರೆ ಆಮೇಲೆ ಬಿದ್ದ ಒಂದೆರಡು ಮಳೆಗೆ ಛಾವಣಿ ಸೋರಲಿಲ್ಲ. ಬಸಲಿಂಗಪ್ಪನವರಿಗೆ ಇದರಿಂದ ಕೊಂಚ ಬೇಸರವೇ ಆಯಿತು. ಆದರೆ ಭಾವಚಿತ್ರಗಳು ಬೆಂಚಿನ ಮೇಲೆಯೇ ಉಳಿದವು. ಅವನ್ನು ಮತ್ತೆ ತೂಗುಹಾಕುವಾಗ ಕಾಲಾನುಕ್ರಮ ಪಾಲಿಸಬೇಕೋ ವಯೋನುಕ್ರಮವೋ ಎಂಬ ಹೊಸ ಜಿಜ್ಞಾಸೆ ಹುಟ್ಟಿತ್ತು. ಗುಣಾನುಕ್ರಮದ ಮಾತನ್ನು ಯಾರೂ ಎತ್ತಲಿಲ್ಲ.

ಹೊಸ ಛಾವಣಿಯ ಉದ್ಘಾಟನೆಗೆ ಮಕ್ಕಳಿಂದ ಪ್ರಾರ್ಥನೆ ಹಾಡಿಸಬೇಕೆಂದು ನಾನು ಶಾರದಮ್ಮನವರನ್ನು ಕೇಳಲು ಹೋದೆ. ತಾರಸಿಯ ಗದ್ದಲ ಸಾಕೆಂದು ಮನೆಯ ಮಾಲೀಕ ಹೇಳಿಬಿಟ್ಟಿದ್ದನಂತೆ. “ಹಾಡಿಸ್ತೀನಿ. ಆದರೆ ಅವತ್ತು ಹಾಡು ಮುಗಿದರೆ ತರಗತಿಯೂ ಮುಗಿದಹಾಗೇ,” ಎಂದರು. ನಮ್ಮ ಹಜಾರಕ್ಕೇ ಮರಳಿ ಬನ್ನಿ ಎಂದೆ. “ಬೆಂಚಿನ ಮೇಲೆ ಕೂತಿರೋ ಹಿರಿಯರನ್ನ ಮೊದಲು ಎಬ್ಬಿಸಿ, ಆಮೇಲೆ ನೋಡೋಣ,” ಎಂದರು. ಅದನ್ನು ಸಮಿತಿಯ ಮುಂದಿಟ್ಟೆ. ಸಮಿತಿ ಪರಿಶೀಲಿಸುವುದಾಗಿ ಹೇಳಿತು. ಹಾಗೆಂದರೆ ಏನೆಂದು ನಿಮಗೂ ಗೊತ್ತು.

ಉದ್ಘಾಟನೆಯ ದಿನ ಬಂದ ಅತಿಥಿಗಳೆಲ್ಲ ಕತ್ತೆತ್ತಿ ಹೆಂಚನ್ನು ಹೊಗಳುತ್ತಿದ್ದರು. ಹಾಡು ಮುಗಿಯಿತು. ಶಾರದಮ್ಮ ಸೆರಗು ಬಿಗಿದುಕೊಂಡು ಹೊರಡಲು ಅಣಿಯಾದರು. ಅಷ್ಟರಲ್ಲಿ ಪದ್ಮಾ ಮೂಲೆಗೆ ಹೋಗಿ, ತಾನು ಕೂರುತ್ತಿದ್ದ ಬೆಂಚಿನ ತುದಿಯಲ್ಲಿ ವಿರಾಜಮಾನವಾಗಿದ್ದ ಒಂದು ದೊಡ್ಡ ಚೌಕಟ್ಟಿನ ಮುಂದೆ ನಿಂತು, ತಮಿಳಿನಲ್ಲಿ ಏನೋ ತಕರಾರು ತೆಗೆದಳು.

“ಕನ್ನಡದಲ್ಲಿ ಕೇಳು ಪುಟ್ಟಿ, ಕೊಟ್ಟರೂ ಕೊಟ್ಟಾರು,” ಎಂದರು ಶಾರದಮ್ಮ.

ಹುಡುಗಿ ಒಂದು ಕ್ಷಣ ತಡವರಿಸಿ, ಇಡೀ ಹಜಾರಕ್ಕೆ ಕೇಳುವಂತೆ ಕೂಗಿದಳು: “ತಾತಾ! ಇದು ನನ್ನ ಜಾಗ. ಈ ಅಜ್ಜನ್ನ ಎಬ್ಬಿಸಿ!”

ಆ ಅಜ್ಜ ಬೇರೆ ಯಾರೂ ಅಲ್ಲ, ಕೂಟದ ಸಂಸ್ಥಾಪಕರು, ಆಚಾರ್ಯರ ತೀರ್ಥರೂಪರು. ವರ್ಷವಿಡೀ ಹಳೆಯದನ್ನು ಅಲ್ಲಾಡಿಸಕೂಡದೆಂದು ಸಾಧಿಸಿದ ಆಚಾರ್ಯರು ಮೆಲ್ಲನೆ ಎದ್ದು ಹೋಗಿ, ತಂದೆಯನ್ನು ಎರಡೂ ಕೈಯಲ್ಲಿ ಬೆಂಚಿನಿಂದೆತ್ತಿ ನೆಲದ ಮೇಲಿಟ್ಟು ಗೋಡೆಗೆ ಒರಗಿಸಿದರು. ಆಮೇಲೆ ನಮ್ಮ ಕಡೆ ತಿರುಗಿದರು, ಕಣ್ಣು ತುಂಬಿತ್ತು. “ಕೇಳಿಸಿತಾ ಸ್ವಾಮಿ? ಕನ್ನಡ! ನನ್ನ ಮೊಮ್ಮಗಳು!” ಎಂದರು. ಬಸಲಿಂಗಪ್ಪನವರು ಪಕ್ಕದ ಮಹಾಪೋಷಕರೊಬ್ಬರನ್ನು ಎತ್ತಿಕೊಂಡರು. ಕಾಲಾನುಕ್ರಮ, ವಯೋನುಕ್ರಮ ಯಾವುದನ್ನೂ ನೋಡದೆ ಬೆಂಚುಗಳು ಖಾಲಿಯಾದವು. ಶಾರದಮ್ಮ ಸೆರಗು ಸಡಿಲಿಸಿ ಬಳಪ ಹುಡುಕಿದರು.

ಇಂದಿಗೂ ಆ ಹಜಾರಕ್ಕೆ ಹೋದರೆ ನಾನು ಕತ್ತೆತ್ತಿ ನಿಲ್ಲುವುದುಂಟು. ಹೊಸ ಹೆಂಚಿನ ಅಡಿಯಲ್ಲಿ ಹಳೆಯ ಹೆಂಚು ಹಾಗೆಯೇ ಇದೆ. ಎರಡರ ನಡುವೆ ಅಳಿಲುಗಳು ಸುಖವಾಗಿವೆ. ಆದರೆ ತತ್ತ್ವಜ್ಞಾನಿಯಾಗಿ ಹೆಚ್ಚು ಹೊತ್ತು ನಿಲ್ಲಲು ಬಿಡುವುದಿಲ್ಲ. “ಮಾಮಾ, ದಾರಿ ಬಿಡಿ, ಬೋರ್ಡು ಕಾಣಲ್ಲ,” ಎಂದು ಬೆಂಚಿನಿಂದ ಯಾರಾದರೊಬ್ಬರು ಗದರುತ್ತಾರೆ, ನಾನು ಬೇಗ ಸರಿದು ನಿಲ್ಲುತ್ತೇನೆ.