ಬರೆದು ಕೊಡಿ ಅಂದಿದ್ದಳು ಅಕ್ಕ

ಅಕ್ಕನ ಎಸ್‌ಟಿಡಿ ಬೂತು ಮಾಲೂರು ರೈಲ್ವೆ ಸ್ಟೇಷನ್ನಿಗೆ ಹೋಗುವ ರಸ್ತೆಯಲ್ಲಿತ್ತು. ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಅವಳ ಎಡಗಾಲು ಸೊರಗಿತ್ತು. ಅಂಗವಿಕಲರಿಗೆಂದು ಆ ಬೂತು ಮಂಜೂರಾದಾಗ ಅವಳಿಗೆ ಮೂವತ್ತು ದಾಟಿತ್ತು. ತೊಂಬತ್ತರ ದಶಕದ ನಡುವಿನ ಮಾತು. ನಾನು ಅದೇ ಊರಿನಲ್ಲಿ ಪ್ರೈಮರಿ ಶಾಲೆ ಮೇಷ್ಟ್ರು. ಸಂಜೆ ಅವಳು ಮನೆಗೆ ಹೋಗಿ ಕಾಫಿ ಕುಡಿದು ಬರುವವರೆಗೆ ಬೂತಿನಲ್ಲಿ ನಾನು ಕೂರುತ್ತಿದ್ದೆ.

ಗಾಜಿನ ಕ್ಯಾಬಿನ್ನಿನೊಳಗೆ ಜನ ಅತ್ತರೂ, ಬೈದರೂ, ಅಕ್ಕ ಅದನ್ನು ಕೇಳಿಸಿಕೊಂಡವಳಂತೆ ಎಂದೂ ನಡೆದುಕೊಳ್ಳಲಿಲ್ಲ. ನಾನು ಕುತೂಹಲಕ್ಕೆ ಏನಾದರೂ ಕೇಳಿದರೆ, "ಅವರ ಮಾತು ಅವರದು ಕಣೋ, ಫೋನು ಮಾತ್ರ ನಮ್ಮದು" ಅನ್ನುತ್ತಿದ್ದಳು. ಮಾತು ಮುಗಿದ ಮೇಲೆ ಮೆಷೀನು ಒಂದು ಚೀಟಿ ಅಚ್ಚು ಹಾಕುತ್ತಿತ್ತು. ಯಾವ ನಂಬರು, ಯಾವ ದಿನ, ಎಷ್ಟು ಹೊತ್ತಿಗೆ. ಮೇಲಿನದನ್ನು ಗಿರಾಕಿಗೆ ಹರಿದುಕೊಟ್ಟು, ಕಾರ್ಬನ್ ಪ್ರತಿಯನ್ನು ದಾರಕ್ಕೆ ಪೋಣಿಸಿ ರಟ್ಟಿನ ಡಬ್ಬದಲ್ಲಿ ಇಡುತ್ತಿದ್ದಳು.

ಈ ಚೀಟಿಗಳ ವಿಷಯಕ್ಕೇ ನಮ್ಮಿಬ್ಬರಿಗೂ ವಾದವಾಗುತ್ತಿತ್ತು. ಆಗ ಪೇಪರು ತೆಗೆದರೆ ಬಾಂಬು, ಅಪಹರಣ. ಬೂತಿನವರೆಲ್ಲ ವಾರಕ್ಕೊಮ್ಮೆ ಚೀಟಿಗಳನ್ನು ಪೊಲೀಸರಿಗೆ ಒಪ್ಪಿಸಬೇಕು ಅಂತ ಕಾನೂನು ಬರಬೇಕು ಅನ್ನುವುದು ನನ್ನ ಅಭಿಪ್ರಾಯ. ನಮ್ಮ ಸ್ಟಾಫ್‌ರೂಮಿನಲ್ಲಿ ಎಲ್ಲರೂ ಇದಕ್ಕೆ ತಲೆಯಾಡಿಸುತ್ತಿದ್ದರು.

"ತಪ್ಪು ಮಾಡದೋರಿಗೆ ಯಾಕಕ್ಕ ಭಯ?" ಅಂತ ಒಂದು ದಿನ ಕೇಳಿದೆ.

"ನಿನ್ನ ಹೆಂಡ್ತಿ ತವರಿಂದ ಬರೆದ ಕಾಗದ ಸ್ಟಾಫ್‌ರೂಮಲ್ಲಿ ಓದಿ ಹೇಳ್ತೀಯಾ? ಅದ್ರಲ್ಲೇನು ತಪ್ಪಿರ್ತದೆ?" ಅಂದಳು. ನನಗೆ ಅದು ಹೆಂಗಸರ ಮಾತಾಗಿ ಕಂಡಿತು. ನಕ್ಕುಬಿಟ್ಟೆ.

ಒಂದು ಮಂಗಳವಾರ ಬೂತಿಗೆ ಒಬ್ಬ ಪೇದೆ ಬಂದ. ನಮ್ಮ ಊರಿನವನಲ್ಲ, ಬೇರೆ ತಾಲೂಕಿನ ಸ್ಟೇಷನ್ನಿನವನು. ಯಲ್ದೂರಿನ ಒಂದು ಅಂಗಡಿಯ ನಂಬರು ಹೇಳಿ, ಇಲ್ಲಿಂದ ಆ ನಂಬರಿಗೆ ಯಾರು ಫೋನ್ ಮಾಡುತ್ತಾರೆ, ಚೀಟಿ ನೋಡಬೇಕು ಅಂದ.

"ಸ್ಟೇಷನ್ ಸೀಲು ಹಾಕಿ ಬರೆದು ಕೊಡಿ ಸಾರ್. ಆಗ ತೆಗೆದು ಕೊಡ್ತೀನಿ" ಅಂದಳಂತೆ ಅಕ್ಕ.

ಅವನು ಅಲ್ಲಿಂದ ನೇರ ನಮ್ಮ ಶಾಲೆಗೆ ಬಂದ. ಬೂತಿನಾಕೆಯ ತಮ್ಮ ಇಲ್ಲಿದ್ದಾನೆ ಅಂತ ಯಾರೋ ಹೇಳಿದ್ದರು. ಬಹಳ ಮರ್ಯಾದೆಯಿಂದ ಮಾತಾಡಿದ. "ಒಡವೆ ಕದ್ದು ಓಡಿಬಂದಿರೋ ಹೆಂಗಸು ಮೇಷ್ಟ್ರೇ. ನಿಮ್ಮಂಥ ಓದಿದೋರು ಸಹಾಯ ಮಾಡ್ದೆ ಇದ್ರೆ ನಾವು ಹೆಂಗೆ ಕೆಲಸ ಮಾಡೋದು?" ಆ ಮಾತು ನನಗೆ ಹಿತವಾಗಿತ್ತು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಅಂದು ಸಂಜೆ ಅಕ್ಕ ಕಾಫಿಗೆ ಹೋದಾಗ ಡಬ್ಬ ತೆಗೆದು ಹುಡುಕಿದೆ. ಆ ನಂಬರಿನ ಚೀಟಿ ಹತ್ತು ಸಿಕ್ಕವು. ಹತ್ತೂ ಗುರುವಾರದವು, ಮಧ್ಯಾಹ್ನ ಎರಡರ ಸುಮಾರಿನವು. ದಾರ ಬಿಚ್ಚುವ ತಾಳ್ಮೆಯಿಲ್ಲದೆ ಕಿತ್ತು, ರಸ್ತೆಯಾಚೆ ಟೀ ಕುಡಿಯುತ್ತ ನಿಂತಿದ್ದ ಅವನ ಕೈಗೆ ಕೊಟ್ಟೆ.

ಗುರುವಾರ ನಾನು ಶಾಲೆ ಮುಗಿಸಿ ಬಂದಾಗ ಬೂತಿನ ಬಾಗಿಲು ಅರ್ಧ ಎಳೆದಿತ್ತು. ಅಕ್ಕ ಒಳಗೆ ಸ್ಟೂಲಿನ ಮೇಲೆ ಕೂತಿದ್ದಳು. ನಡೆದದ್ದನ್ನು ಅವಳೇ ಹೇಳಿದಳು.

ಆ ಹೆಂಗಸು ಊರಾಚೆಯ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಳು. ಗುರುವಾರ ಅವಳಿಗೆ ರಜೆ. ಮೂರು ವರ್ಷದ ಮಗಳನ್ನು ಎತ್ತಿಕೊಂಡು ಬಂದು, ಯಲ್ದೂರಿನ ಅಂಗಡಿಗೆ ಫೋನ್ ಮಾಡಿ, ಪಕ್ಕದ ಮನೆಯ ತನ್ನ ತಾಯಿಯನ್ನು ಕರೆಯಲು ಹೇಳಿ, ಹತ್ತು ನಿಮಿಷ ಕಾದು ಮತ್ತೆ ಮಾಡುತ್ತಿದ್ದಳು. ಒಡವೆ ಕದ್ದವಳಲ್ಲ. ಗಂಡನ ಹೊಡೆತ ತಾಳಲಾರದೆ ಬಂದವಳು. ಅವಳ ಮೊಣಕೈ ಮೇಲಿನ ಸುಟ್ಟ ಗಾಯ ಅಕ್ಕನ ಕಣ್ಣಿಗೆ ಮೊದಲ ದಿನವೇ ಬಿದ್ದಿತ್ತು. ಆ ಪೇದೆ ಅವಳ ಗಂಡನ ಅಣ್ಣ ಅಂತ ಟೀ ಅಂಗಡಿಯವನು ಆಮೇಲೆ ಹೇಳಿದನಂತೆ. ಕೇಸೂ ಇರಲಿಲ್ಲ, ದೂರೂ ಇರಲಿಲ್ಲ. ಅಣ್ಣತಮ್ಮ ಇಬ್ಬರೂ ಒಂದೂವರೆಯಿಂದ ಟೀ ಅಂಗಡಿಯಲ್ಲಿ ಕಾದಿದ್ದರು. ಅವಳು ಕ್ಯಾಬಿನ್ನಿಗೆ ಹೋಗಿ ಇನ್ನೂ ನಂಬರು ಒತ್ತುತ್ತಿದ್ದಾಗಲೇ ಬಾಗಿಲು ತೆಗೆದು ತಾಯಿ ಮಗು ಇಬ್ಬರನ್ನೂ ಹೊರಗೆ ಎಳೆದುಕೊಂಡರಂತೆ. ಅಕ್ಕ ಊರುಗೋಲು ಹುಡುಕಿ ಎದ್ದು ಬೀದಿಗೆ ಬರುವಷ್ಟರಲ್ಲಿ ಬಾಡಿಗೆ ಜೀಪು ಹೊರಟಿತ್ತು.

"ನನ್ನೇ ನೋಡ್ತಾ ಇದ್ಲು ಕಣೋ," ಅಂದಳು ಅಕ್ಕ. "ನಾನೇ ಹೇಳಿಕೊಟ್ಟೆ ಅಂದ್ಕೊಂಡಿರ್ತಾಳೆ."

ಆಮೇಲೆ ಡಬ್ಬವನ್ನು ನನ್ನ ಮುಂದೆ ತಳ್ಳಿದಳು. ಕಿತ್ತ ದಾರ ಹಾಗೇ ಇತ್ತು. "ನೀನಾ?"

ಹೂಂ ಅಂದೆ. ಅವಳು ಬೈಯಲಿಲ್ಲ. ಬೈದಿದ್ದರೆ ಒಂದು ವಾರದಲ್ಲಿ ಮುಗಿದುಹೋಗುತ್ತಿತ್ತೇನೋ. ಮರುದಿನದಿಂದ ಸಂಜೆ ಕಾಫಿಗೆ ಮನೆಗೆ ಬರುವುದನ್ನು ಬಿಟ್ಟಳು. ಫ್ಲಾಸ್ಕು ಜೊತೆಯಲ್ಲೇ ಒಯ್ಯುತ್ತಿದ್ದಳು.

ನಾಲ್ಕು ತಿಂಗಳಾದ ಮೇಲೆ ಯಲ್ದೂರಿನಿಂದ ಆ ತಾಯಿ ಬಂದಳು. ಅವತ್ತು ಭಾನುವಾರ, ನಾನೂ ಬೂತಿನಲ್ಲಿದ್ದೆ. ಮಗಳನ್ನೂ ಮೊಮ್ಮಗಳನ್ನೂ ಅಳಿಯ ಆಂಧ್ರದ ಕಡೆಗೆ ಎಲ್ಲಿಗೋ ಕರೆದುಕೊಂಡು ಹೋಗಿದ್ದಾನೆ, ವಿಳಾಸ ಯಾರೂ ಹೇಳುವುದಿಲ್ಲ, ಇಲ್ಲಿಗೇನಾದರೂ ಫೋನ್ ಮಾಡಿದಳಾ ಅಂತ ಕೇಳಲು ಬಂದಿದ್ದಳು. ಇಲ್ಲವೆಂದು ಹೇಳಿದ ಅಕ್ಕ ಅಷ್ಟಕ್ಕೇ ನಿಲ್ಲಿಸಲಿಲ್ಲ. "ಚೀಟಿ ಕೊಟ್ಟಿದ್ದು ಇವನೇ ಅಮ್ಮಾ, ನನ್ನ ತಮ್ಮ" ಅಂದಳು.

ಆ ತಾಯಿ ನನ್ನ ಕಡೆ ತಿರುಗಿದಳು. ಕೂಗಾಡುತ್ತಾಳೆ ಅಂದುಕೊಂಡೆ.

"ಆ ಚೀಟೀಲಿ ಅವಳು ಮಾತಾಡಿದ್ದೆಲ್ಲ ಇರ್ತದಾ ನಾಯ್ನಾ?"

"ಇಲ್ಲಮ್ಮ. ನಂಬರು, ದಿನ, ಟೈಮು. ಅಷ್ಟೇ."

"ಅಷ್ಟರಲ್ಲೇ ಸಿಕ್ಬಿಟ್ಲಾ," ಅಂದಳು. ಸೆರಗಿನಿಂದ ಮುಖ ಒರೆಸಿಕೊಂಡು ಸುಮಾರು ಹೊತ್ತು ಅಲ್ಲೇ ಬೆಂಚಿನ ಮೇಲೆ ಕೂತಿದ್ದಳು. ಬಸ್ ಸ್ಟಾಂಡಿನವರೆಗೆ ಬರುತ್ತೇನೆ ಅಂದರೆ ಬೇಡ ಅಂದಳು.

ನಾನು ಪೊಲೀಸ್ ದೊಡ್ಡ ಸಾಹೇಬರಿಗೆ ದೂರು ಬರೆದೆ. ಚೀಟಿ ನಾನೇ ಕೊಟ್ಟೆ ಅಂತಲೂ ಬರೆದೆ. ಅಕ್ಕ ಓದಿ ಒಂದೆರಡು ಮಾತು ತಿದ್ದಿದಳು. ಮೂರು ಸಲ ಕಳಿಸಿದೆವು, ಖುದ್ದಾಗಿ ಹೋಗಿಯೂ ಬಂದೆ. ಗಂಡ ಹೆಂಡತಿಯನ್ನು ಮನೆಗೆ ಕರೆದುಕೊಂಡು ಹೋದರೆ ಅದರಲ್ಲಿ ದೂರೇನು ಮೇಷ್ಟ್ರೇ ಅಂದರು. ಸ್ಟಾಫ್‌ರೂಮಿನವರೂ ಹಾಗೇ ಅಂದರು.

ತಾಯಿ ಮಾತ್ರ ಆಗಾಗ ಯಲ್ದೂರಿನಿಂದ ಬೂತಿಗೆ ಫೋನ್ ಮಾಡುತ್ತಿದ್ದಳು. "ಇನ್ನೂ ಇಲ್ಲಮ್ಮ," ಅನ್ನುತ್ತಿದ್ದಳು ಅಕ್ಕ. ಹೀಗೆ ಒಂಬತ್ತು ಹತ್ತು ವರ್ಷ ನಡೆಯಿತು. ಜನರ ಕೈಗೆ ಮೊಬೈಲು ಬಂದು ಬೂತಿಗೆ ಗಿರಾಕಿಯಿಲ್ಲದಂತಾಯಿತು. ಮುಚ್ಚಿಬಿಡು ಅಂದರೆ, "ಈ ನಂಬರು ಬಿಟ್ರೆ ಆ ಅಮ್ಮ ಎಲ್ಲಿಗೆ ಮಾಡ್ತಾಳೆ?" ಅಂತ ಅಕ್ಕ ಒಪ್ಪಲಿಲ್ಲ.

ಒಂದು ಬೇಸಿಗೆಯಲ್ಲಿ ಎರಡು ತಿಂಗಳು ಫೋನ್ ಬರಲಿಲ್ಲ. ಹೋಗಿ ನೋಡಿ ಬಾ ಅಂತ ಅಕ್ಕ ನನ್ನನ್ನು ಯಲ್ದೂರಿಗೆ ಕಳಿಸಿದಳು. ಅಂಗಡಿಯವನು ಹೊರಗೆ ಬಂದು, ಆ ತಾಯಿ ತೀರಿಕೊಂಡು ತಿಂಗಳ ಮೇಲಾಯಿತು ಅಂದ. ಮಗಳಿಗೆ ತಿಳಿಸಲು ಯಾರಿಗೂ ದಾರಿ ಗೊತ್ತಿರಲಿಲ್ಲವಂತೆ.

ವಾಪಸು ಬಂದು ಹೇಳಿದೆ. ಅಕ್ಕ ಬೂತಿಗೆ ಬೀಗ ಹಾಕಿದಳು. ಮನೆಯವರೆಗೂ ನನ್ನ ಭುಜ ಹಿಡಿದು ನಡೆದಳು. ಎಷ್ಟೋ ವರ್ಷದ ಮೇಲೆ ಅವಳು ನನ್ನ ಭುಜ ಹಿಡಿದದ್ದು. ಬಾಗಿಲಲ್ಲಿ ನಿಂತು, "ಒಲೆ ಹಚ್ಚಿ ನೀರು ಕಾಯ್ಸು. ಇಬ್ರೂ ತಲೆಗೆ ನೀರು ಹಾಕ್ಕೊಂಡೇ ಒಳಗೆ ಹೋಗೋಣ" ಅಂದಳು. ಸ್ವಂತದವರು ಸತ್ತ ಸುದ್ದಿ ಬಂದಾಗ ನಮ್ಮ ಮನೆಯಲ್ಲಿ ಮಾಡುವುದು ಹಾಗೆ. ನಾನು ಹಿತ್ತಿಲಿಗೆ ಹೋಗಿ ಒಲೆ ಹಚ್ಚಿದೆ.